ಜಾತ್ರೆಯ ಪಕ್ಕಕ್ಕೆ ನಾವು ಬಂದ ಕಥೆ

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಕಲಬುರಗಿಯ ಅಪ್ಪನ ಗುಡಿ (ಶರಣಬಸವೇಶ್ವರರ ಗುಡಿಗೆ ನಾವು ಹೀಗೆ ಅನ್ನುತ್ತೇವೆ), ಅಪ್ಪನ ಕೆರೆ ಸುತ್ತಲಿನ ಓಣಿಗಳಲ್ಲಿ ಎರಡು ಮಾತು ಒಟ್ಟಿಗೇ ಶುರುವಾಗುತ್ತವೆ. ಒಂದು, ತೇರಿಗೆ ಊರಿಂದ ಯಾರ್ಯಾರು ಬರುತ್ತಾರೆ ಅನ್ನುವುದು. ಇನ್ನೊಂದು ಮೈಕು, ಗಾಡಿ, ಕಸದ ಜಗಳ. ಯಾರಿಗೆ ಯಾವುದರ ಮೇಲೆ ಸಿಟ್ಟು ಅನ್ನುವುದೇ ಈಗ ಗೋಜಲು. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ಶರಣಬಸವೇಶ್ವರರು ಜೇವರ್ಗಿ ಕಡೆಯ ಅರಳಗುಂಡಗಿಯವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟರು ಅಂತ ಹಿರಿಯರು ಇಂದಿಗೂ ಹೇಳುತ್ತಾರೆ. ಕಲಬುರಗಿಗೆ ಬಂದು ದಾಸೋಹ ನಡೆಸಿದರು, 1822ರಲ್ಲಿ ಲಿಂಗೈಕ್ಯರಾದರು. ಆಮೇಲೆ ನಿಜಾಮರ ಕಾಲ ಮುಗಿಯಿತು, 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು, 1980ರಲ್ಲಿ ವಿಶ್ವವಿದ್ಯಾಲಯ ಬಂತು, 2014ರಲ್ಲಿ ಗುಲ್ಬರ್ಗ ಅನ್ನುವ ಹೆಸರು ಹೋಗಿ ಕಲಬುರಗಿ ಆಯಿತು. ಇಷ್ಟರಲ್ಲಿ ಗುಡಿಯ ಸುತ್ತ ಮನೆ, ಶಾಲೆ, ಕಾಲೇಜು ಎಲ್ಲ ತುಂಬಿಕೊಂಡವು. ಜಾತ್ರೆ ಮಾತ್ರ ತನ್ನ ಜಾಗದಲ್ಲೇ ಇದೆ. ಪಕ್ಕಕ್ಕೆ ಬಂದವರು ನಾವು.

ನಮ್ಮ ಮನೆಯಿಂದ ಕೆರೆಗೆ ನಡೆದರೆ ಐದು ನಿಮಿಷ. ನಾನು ಚಿಕ್ಕವನಿದ್ದಾಗ ಓಣಿಯ ಮನೆಗಳಿಗೆ ಕಾಂಪೌಂಡ್ ಇರಲಿಲ್ಲ, ಕಟ್ಟೆ ಇತ್ತು. ಹಳ್ಳಿಗಳಿಂದ ಬಂದವರು ಬುತ್ತಿ ಗಂಟು ಬಿಚ್ಚಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಅಲ್ಲೇ ಮಲಗುತ್ತಿದ್ದರು. ಅವ್ವ ಬಾಗಿಲಲ್ಲಿ ಒಂದು ಹಂಡೆ ನೀರು ತುಂಬಿಡುತ್ತಿದ್ದಳು. ಆಮೇಲೆ ಒಬ್ಬೊಬ್ಬರೇ ಕಾಂಪೌಂಡ್ ಕಟ್ಟಿದರು, ಗೇಟು ಹಾಕಿದರು, ನಾವೂ ಹಾಕಿದೆವು. ಕೆರೆಯ ಕಡೆ ಉದ್ಯಾನ ಆಯಿತು, ಬೇಲಿ ಬಂತು. ಒಳ್ಳೆಯದೇ ಆಯಿತು, ಬೆಳಿಗ್ಗೆ ನಾನೂ ಅಲ್ಲೇ ವಾಕಿಂಗ್ ಹೋಗುತ್ತೇನೆ. ಆದರೆ ರಾತ್ರಿ ಉಳಿಯುವ ಜನ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಯಾರೂ ಕೂತು ಮಾತಾಡಲಿಲ್ಲ. ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್, ಟಂಟಂ, ಬೈಕು ಬಂದವು. ಅವು ನಮ್ಮ ಗೇಟಿನ ಮುಂದೆಯೇ ನಿಲ್ಲಬೇಕು, ಬೇರೆ ಜಾಗ ಎಲ್ಲಿದೆ?

ಒಂದು ಸಲ ತೇರಿನ ದಿನ ಸಂಜೆ ಒಬ್ಬ ಅಜ್ಜಿ ನಮ್ಮ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದರು. ಏನು ಬೇಕು ಅಂತ ಕೇಳಿದರೆ ಏನಿಲ್ಲಪ್ಪ ಅಂದರು. ಕೊನೆಗೆ ನನ್ನ ಹೆಂಡತಿಯನ್ನು ಸನ್ನೆ ಮಾಡಿ ಕರೆದು ಕಿವಿಯಲ್ಲಿ ಕೇಳಿದರು. ಪಾಯಖಾನೆ ಎಲ್ಲಿದೆ ತಾಯಿ? ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲವಂತೆ. ಮಾರ್ಚ್ ಬಿಸಿಲಲ್ಲಿ!

ಇನ್ನು ಮೈಕಿನ ವಿಷಯ. ಜಾಸ್ತಿ ತಪ್ಪು ತಿಳುವಳಿಕೆ ಇರುವುದು ಇಲ್ಲೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹಬ್ಬ, ಜಾತ್ರೆಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ಈ ಹದಿನೈದು ಅನ್ನುವುದೇ ಗೊಂದಲದ ಗೂಡು. ನಮ್ಮ ಜಾತ್ರೆಯ ಅಂಗಡಿ, ತೊಟ್ಟಿಲು ಸುಮಾರು ಅಷ್ಟೇ ದಿನ ಇರುತ್ತವೆ, ಹಾಗಾಗಿ ಸಡಿಲಿಕೆ ಪೂರ್ತಿ ಜಾತ್ರೆಗೇ ಸಿಕ್ಕಿದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ, ಅದು ವರ್ಷದ ಎಲ್ಲ ಹಬ್ಬಗಳೂ ಸೇರಿ ಇರುವ ಲೆಕ್ಕ. ಮೇಲಾಗಿ ಈ ದಿನಗಳು ಪಿಯುಸಿ ಪರೀಕ್ಷೆಯ ದಿನಗಳು. ಕಿವಿಗೆ ಹತ್ತಿ ಇಟ್ಟುಕೊಂಡು ಓದುವ ಮಕ್ಕಳು ಪ್ರತಿ ಓಣಿಯಲ್ಲೂ ಇದ್ದಾರೆ. ಅದೇ ಮಕ್ಕಳು ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯಲು ಎಲ್ಲರಿಗಿಂತ ಮುಂದೆ ಓಡುತ್ತಾರೆ. ಜಾತ್ರೆ ಬೇಡ ಅಂದವರು ಯಾರಿದ್ದಾರೆ, ಅಲ್ವಾ?

ಮಾರ್ಚ್ 2020ರಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಊರಲ್ಲೇ ಆಯಿತು. ಆ ಭಯದಲ್ಲಿ ಓಣಿ ಓಣಿಯೇ ಬಾಗಿಲು ಹಾಕಿಕೊಂಡಿತ್ತು. ಅಷ್ಟು ಸದ್ದಿಲ್ಲದ ಮಾರ್ಚ್ ನಮಗೆ ಯಾರಿಗೂ ಬೇಕಿರಲಿಲ್ಲ.

ಎರಡು ವರ್ಷದ ಹಿಂದೆ ಓಣಿಯ ನಾಲ್ಕು ಜನ ಸುಮ್ನೆ ಕೂರುವುದು ಬೇಡ ಅಂತ ತೊಟ್ಟಿಲಿನವರ ಹತ್ತಿರ ಹೋಗಿ, ಜನರೇಟರನ್ನು ಮನೆಗಳಿಂದ ಆಚೆ ಇಡಿ ಅಂತ ಕೇಳಿದೆವು. ಚಹಾ ತರಿಸಿ ಕೊಟ್ಟರು, ಮರುದಿನ ಜನರೇಟರ್ ಸರಿಸಿದರು. ಆ ರಾತ್ರಿ ಮನೆಯವರಿಗೆಲ್ಲ ನಿದ್ದೆ ಬಂತು. ಪಾಯಖಾನೆಯ ಮಾತು ಮಾತ್ರ ಇನ್ನೂ ಹಾಗೇ ಉಳಿದಿದೆ. ಅಲ್ಲಿಯವರೆಗೆ ತೇರಿನ ದಿನ ನಮ್ಮ ಗೇಟು ತೆರೆದೇ ಇರುತ್ತದೆ, ಪಕ್ಕದಲ್ಲಿ ಅವ್ವನ ಹಂಡೆಯೂ.