ಕೈಗೆ ಹತ್ತುವ ಬಿಳಿ ಪುಡಿ

ಸುಣ್ಣ ಬಳಿದ ಗೋಡೆಗೆ ಒರಗಿದರೆ ಬೆನ್ನಿಗೆ ಬಿಳಿ ಹತ್ತುತ್ತದೆ ಅಲ್ವಾ? ಅಮೆರಿಕದ ಅರಿಜೋನಾ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಆರ್‌ವಿಯ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ) ಮೈ ಸವರಿದರೂ ಹಾಗೇ. ಮಾಲೀಕರು ಅದನ್ನು ಧೂಳು ಅಂದುಕೊಂಡು, ಗಾಡಿ ತೊಳೆದು ಪಾಲಿಶ್ ಮಾಡುವ ನನ್ನನ್ನು ಕರೆಯುತ್ತಾರೆ. ತೊಳೆದಾಗ ಗಾಡಿ ಫಳಫಳ ಅನ್ನುತ್ತದೆ. ಒಣಗುತ್ತಿದ್ದಂತೆ ಮತ್ತೆ ಮಂಕು. ಆಕ್ಸಿಡೇಶನ್, ಅಂದರೆ ಬಿಸಿಲು-ಗಾಳಿಗೆ ಮೇಲ್ಮೈ ಹಾಳಾಗುವುದರ ಗುರುತು ಇದೇ.

ಗಾಡಿಯ ಫೈಬರ್‌ಗ್ಲಾಸ್ ಮೈ ಮೇಲೆ ಜೆಲ್‌ಕೋಟ್ ಅಂತ ಬಣ್ಣ ಬೆರೆಸಿದ ರಾಳದ ಪದರ ಇರುತ್ತದೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಲ್ಟ್ರಾವಯಲೆಟ್ ಕಿರಣಕ್ಕೆ ಮೇಲಿನ ರಾಳ ಒಡೆಯುತ್ತದೆ. ಹಿಡಿತ ತಪ್ಪಿದ ಬಣ್ಣ ಪುಡಿಯಾಗಿ ಕೈಗೆ ಬರುತ್ತದೆ. ಕೆಳಗಿನದು ಚೆನ್ನಾಗೇ ಇರುತ್ತದೆ. ಪುಡಿಯ ಮೇಲೆ ಸುಮ್ನೆ ವ್ಯಾಕ್ಸ್ ಬಳಿದರೆ ಕೆಲವು ವಾರ ಎಣ್ಣೆ ಸವರಿದ ಹಾಗೆ ಕಾಣುತ್ತದೆ, ಅಷ್ಟೇ. ಸತ್ತ ಪದರ ಹೋಗಲೇಬೇಕು.

ಮೊದಲು ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಯಿಂದ ಸ್ವಲ್ಪ ಕಾಂಪೌಂಡ್ (ಮೇಲ್ಪದರ ಸವೆಸುವ ತರಿ ಪೇಸ್ಟ್) ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತದಿದ್ದರೆ ಮೇಲೆ ಕ್ಲಿಯರ್‌ಕೋಟ್ ಅನ್ನುವ ಬಣ್ಣವಿಲ್ಲದ ಪಾರದರ್ಶಕ ಪದರ ಇರಬಹುದು. ಅದು ಸಿಪ್ಪೆ ಏಳುತ್ತಿದ್ದರೆ ಪಾಲಿಶ್‌ಗೆ ದುಡ್ಡು ಸುರಿಯಬೇಡಿ, ಪೇಂಟೇ ಗತಿ.

ಜೆಲ್‌ಕೋಟ್ ಆದರೆ ಪಾಲಿಶ್ ಮೆಷಿನ್ನಿಗೆ ಉಣ್ಣೆ ಪ್ಯಾಡ್, ಕಾಂಪೌಂಡ್, ನೆರಳು ಬೇಕು. ಗಾಡಿಯ ಮೈ ಮುಟ್ಟಿದರೆ ತಣ್ಣಗಿರಬೇಕು. ಒಂದು ಸಲಕ್ಕೆ 2 ಅಡಿ ಅಗಲ, 2 ಅಡಿ ಎತ್ತರ ಸಾಕು. ಮೆಷಿನ್ ನಿಧಾನ ಇರಲಿ, ಒಂದೇ ಕಡೆ ನಿಲ್ಲಿಸಬೇಡಿ. ಅಂಚಲ್ಲಿ ಈ ಪದರ ಬೇಗ ಸವೆಯುತ್ತದೆ. ಶುರುವಿನ ದಿನಗಳಲ್ಲಿ ಒಂದು ಗಾಡಿಯ ಮೂಲೆಯಲ್ಲಿ ಜಾಸ್ತಿ ಒತ್ತಿ ಒಳಗಿನ ಫೈಬರ್ ಕಾಣಿಸಿಬಿಟ್ಟಿದ್ದೆ. ಅಂದಿನಿಂದ ಮೆಷಿನ್ ಓಡಿಸುವಾಗ ಅಂಚುಗಳಿಗೆ ಟೇಪ್ ಹಚ್ಚಿ, ಆಮೇಲೆ ಅಲ್ಲಿ ಕೈಯಲ್ಲೇ ಉಜ್ಜುತ್ತೇನೆ. ಸ್ಟಿಕರ್ ಪಟ್ಟಿಗಳಿಗೂ ಟೇಪ್ ಬೇಕು. ಕಾಂಪೌಂಡಿಗೂ ಬಗ್ಗದಿದ್ದರೆ ಮಾತ್ರ ನೀರು ಹಾಕಿ 1000, 1500, 2000 ನಂಬರಿನ ಉಜ್ಜುವ ಸ್ಯಾಂಡ್‌ಪೇಪರ್. ಆಮೇಲೆ ಮತ್ತೆ ಕಾಂಪೌಂಡ್, ಫೋಮ್ ಪ್ಯಾಡಲ್ಲಿ ಪಾಲಿಶ್, ಅದೇ ದಿನ ಸೀಲಂಟ್ (ಮೇಲ್ಮೈ ಕಾಪಾಡುವ ಲೇಪ).

ನೆಲಕ್ಕೆ ಬಳಿಯುವ ಅಕ್ರಿಲಿಕ್ ಪಾಲಿಶನ್ನೇ ಗಾಡಿಗೆ ಐದಾರು ಕೋಟ್ ಹಾಕುವವರಿದ್ದಾರೆ. ಒಂದೇ ದಿನದಲ್ಲಿ ಗಾಜಿನಂತೆ ಹೊಳೆಯುತ್ತದೆ, ನಿಜ. ಆದರೆ ಹಳದಿಗಟ್ಟಿ ಚಕ್ಕೆ ಎದ್ದಾಗ ಕೆರೆದು ತೆಗೆಯುವವರ ಕಷ್ಟ ನನಗೆ ಗೊತ್ತು. ನಾನು ಹಾಕುವುದಿಲ್ಲ.

ಮುಂದಿನ ಆರೈಕೆ ಸುಲಭ. ಪಾತ್ರೆ ಸೋಪು ಬೇಡ, ಅದು ವ್ಯಾಕ್ಸನ್ನೂ ತೆಗೆಯುತ್ತದೆ. ತೊಳೆಯುವಾಗ ಚಾವಣಿಯಿಂದ ಶುರು ಮಾಡಿ. ಪಕ್ಕದಲ್ಲಿ ಇಳಿಯುವ ಕಪ್ಪು ಗೀರುಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ. ಅರಿಜೋನಾ ಬಿಸಿಲಿಗೆ ಕಾರ್ನೌಬಾ (ಒಂದು ತಾಳೆ ಜಾತಿಯ ಎಲೆಯಿಂದ ಬರುವ) ವ್ಯಾಕ್ಸ್ ಎರಡು ತಿಂಗಳು ಬಾಳಿದರೆ ಹೆಚ್ಚು. ಪಾಲಿಮರ್ ಸೀಲಂಟ್ ಆದರೆ ವರ್ಷಕ್ಕೆ ಎರಡು ಸಲ ಹಾಕಿ. ನೀರು ಮಣಿಗಟ್ಟದೆ ಹರಡಿಕೊಂಡರೆ ಅದಕ್ಕೂ ಮೊದಲೇ. ಇನ್ನೊಂದು ಮಾತು. ದಕ್ಷಿಣಕ್ಕೆ ಮುಖ ಮಾಡಿದ ಬದಿಯೇ ಮೊದಲು ಮಂಕಾಗುವುದು. ಸೀಲಂಟ್ ಹಾಕಿದ ದಿನವೇ ಗಾಡಿಯನ್ನೂ ತಿರುಗಿಸಿ ನಿಲ್ಲಿಸಿ.