ಶಿಕಾಗೋ ಇಪ್ಪತ್ತು ವರ್ಷ ಸಿನಿಮಾದಿಂದ ಯಾಕೆ ಮಾಯವಾಗಿತ್ತು?

1960ರಲ್ಲಿ ಜನಸಂಖ್ಯೆಯ ಲೆಕ್ಕದಲ್ಲಿ ಶಿಕಾಗೋ ಅಮೆರಿಕದ ಎರಡನೇ ದೊಡ್ಡ ನಗರ. ನ್ಯೂಯಾರ್ಕ್ ಬಿಟ್ಟರೆ ಅದೇ. ಆದರೆ ಅಲ್ಲಿಂದ ಮುಂದಿನ ಸುಮಾರು ಇಪ್ಪತ್ತು ವರ್ಷದ ಹಾಲಿವುಡ್ ಸಿನಿಮಾಗಳನ್ನು ನೋಡುತ್ತಾ ಹೋಗಿ, ಆ ಊರು ಕಾಣುವುದು ತೀರಾ ಅಪರೂಪ. ತಲೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುವ ‘ಎಲ್’ ರೈಲು, ದೋಣಿ ಬಂದರೆ ಎದ್ದು ನಿಲ್ಲುವ ಸೇತುವೆಗಳು, ಆಚೆ ದಡವೇ ಕಾಣದ ಮಿಶಿಗನ್ ಸರೋವರ, ಎಲ್ಲ ಇತ್ತು. ಕ್ಯಾಮೆರಾ ಮಾತ್ರ ಹೋಗಲಿಲ್ಲ. ಪರ್ಮಿಷನ್ ಸಿಗುತ್ತಿರಲಿಲ್ಲ, ಅಷ್ಟೆ.

ಇದು ಬೇಜಾರಿನ ಸಂಗತಿ ಯಾಕೆಂದರೆ ಹಾಲಿವುಡ್ ಹುಟ್ಟುವ ಮೊದಲೇ ಶಿಕಾಗೋದಲ್ಲಿ ಸಿನಿಮಾ ಇತ್ತು. ವಿಲಿಯಂ ಸೆಲಿಗ್ 1896ರಲ್ಲೇ ಅಲ್ಲಿ ಕಂಪನಿ ಶುರು ಮಾಡಿದ್ದರು. 1907ರಲ್ಲಿ ಜಾರ್ಜ್ ಸ್ಪೂರ್ ಮತ್ತು ಗಿಲ್ಬರ್ಟ್ ಆಂಡರ್ಸನ್ ಸೇರಿ ಎಸ್ಸನೇ ಸ್ಟುಡಿಯೋ ಕಟ್ಟಿದರು. 1915ರಲ್ಲಿ ಚಾರ್ಲಿ ಚಾಪ್ಲಿನ್ ಅಲ್ಲಿಗೇ ಬಂದು ಒಂದು ಸಿನಿಮಾ ಮಾಡಿದರು, ಒಂದೇ ಒಂದು. ಶಿಕಾಗೋದ ಚಳಿ ಅವರಿಗೆ ಒಗ್ಗಲಿಲ್ಲ, ಸೀದಾ ಕ್ಯಾಲಿಫೋರ್ನಿಯಾಕ್ಕೆ ಹೊರಟುಬಿಟ್ಟರು. ಉಳಿದವರೂ ಬಿಸಿಲು ಹುಡುಕಿಕೊಂಡು ಅದೇ ದಾರಿ ಹಿಡಿದರು. ಆರ್ಗೈಲ್ ಬೀದಿಯಲ್ಲಿ ಆ ಸ್ಟುಡಿಯೋದ ಕಟ್ಟಡ ಇನ್ನೂ ಇದೆ.

ಅದೇ 1907ರಲ್ಲಿ ಇನ್ನೊಂದು ಕೆಲಸವೂ ಆಯಿತು. ಊರಲ್ಲಿ ಯಾವ ಸಿನಿಮಾ ತೋರಿಸಬೇಕಾದರೂ ಮೊದಲು ಪೊಲೀಸ್ ಮುಖ್ಯಸ್ಥರ ಪರವಾನಗಿ ಬೇಕು ಅಂತ ಶಿಕಾಗೋ ನಗರಸಭೆ ನಿಯಮ ತಂದಿತು. ಅಮೆರಿಕದಲ್ಲಿ ಇಂಥ ಸಿನಿಮಾ ಸೆನ್ಸಾರ್ ಕಾನೂನು ಅದೇ ಮೊದಲು. ಅದರ ಬಿಸಿ ತಟ್ಟಿದವರಲ್ಲಿ ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ಒಬ್ಬರು. ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುವುದನ್ನು ತೋರಿಸಿದ ಅವರ ‘ವಿದಿನ್ ಅವರ್ ಗೇಟ್ಸ್’ ಚಿತ್ರಕ್ಕೆ ಅಲ್ಲಿನ ಸೆನ್ಸಾರ್ ಮಂಡಳಿ ಮೊದಲು ಬೇಡ ಎಂದಿತು. 1919ರ ಜನಾಂಗೀಯ ಗಲಭೆ ನಡೆದು ಇನ್ನೂ ಕೆಲವೇ ತಿಂಗಳಾಗಿತ್ತು, ಮತ್ತೆ ಹೊತ್ತಿಕೊಂಡೀತು ಅನ್ನೋ ಭಯ. ಕೊನೆಗೆ 1920ರ ಜನವರಿಯಲ್ಲಿ ಕತ್ತರಿ ಹಾಕಿಸಿಕೊಂಡು ಬಿಡುಗಡೆಯಾಯಿತು. ಪೊಲೀಸರ ಇಲಾಖೆಗೂ ಸಿನಿಮಾಕ್ಕೂ ನಂಟು ಆ ಊರಲ್ಲಿ ಅಷ್ಟು ಹಳೆಯದು.

ಈಗ ಪರ್ಮಿಷನ್ ಯಾಕೆ ಸಿಗುತ್ತಿರಲಿಲ್ಲ ಅನ್ನೋ ವಿಷಯಕ್ಕೆ ಬರೋಣ. ರಿಚರ್ಡ್ ಜೆ. ಡೇಲಿ 1955ರಲ್ಲಿ ಮೇಯರ್ ಆದವರು 1976ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಆ ಕುರ್ಚಿ ಬಿಡಲಿಲ್ಲ. ಊರಲ್ಲಿ ಅವರ ಮಾತು ಮೀರಿ ಏನೂ ನಡೆಯುತ್ತಿರಲಿಲ್ಲ. ‘ಎಂ ಸ್ಕ್ವಾಡ್’ ಅಂತ ಶಿಕಾಗೋ ಪೊಲೀಸರ ಕಥೆಯ ಟಿವಿ ಧಾರಾವಾಹಿ ಒಂದಿತ್ತು, ನಾಯಕ ಲೀ ಮಾರ್ವಿನ್. ಅದರ ಒಂದು ಕಂತಿನಲ್ಲಿ ಪೊಲೀಸರು ಲಂಚ ತಿನ್ನುವುದನ್ನು ತೋರಿಸಿದ್ದಕ್ಕೆ ಡೇಲಿ ಕೆಂಡವಾದರು, ಆಮೇಲೆ ಹೊರಗಿನ ಸಿನಿಮಾದವರಿಗೆ ಊರಿನ ಬಾಗಿಲು ಮುಚ್ಚಿತು ಅಂತ ಅಲ್ಲಿನವರು ಇವತ್ತಿಗೂ ಹೇಳುತ್ತಾರೆ. 1960ರ ಜನವರಿಯಲ್ಲಿ ಏನಾಯಿತು ಗೊತ್ತಾ? ಸಮ್ಮರ್‌ಡೇಲ್ ಠಾಣೆಯ ಎಂಟು ಪೊಲೀಸರು ಕಳ್ಳನೊಬ್ಬನ ಜೊತೆ ಸೇರಿಕೊಂಡು ಅಂಗಡಿಗಳಲ್ಲಿ ಕಳವು ಮಾಡುತ್ತಿದ್ದದ್ದು ಬಯಲಾಯಿತು. ಟಿವಿಯವರು ತೋರಿಸಿದ್ದು ಲಂಚ, ಊರಲ್ಲಿ ನಡೆಯುತ್ತಿದ್ದದ್ದು ಅದಕ್ಕಿಂತ ದೊಡ್ಡದು. ಆದರೂ ಕ್ಯಾಮೆರಾದ ಮೇಲಿನ ಸಿಟ್ಟು ಇಳಿಯಲಿಲ್ಲ.

ಪೂರ್ತಿ ನಿಷೇಧ ಅಂತ ಕಾಗದದ ಮೇಲೆ ಇರಲಿಲ್ಲ. ಬಂದವರು ಒಂದೆರಡು ಹೊರಾಂಗಣ ದೃಶ್ಯ ತೆಗೆದುಕೊಂಡು ವಾಪಸ್ ಹೋಗುತ್ತಿದ್ದರು. 1973ರ ‘ದಿ ಸ್ಟಿಂಗ್’ ನೋಡಿ, ಕಥೆ ಹೆಚ್ಚಿನಂಶ ಶಿಕಾಗೋದ್ದು, ಬೀದಿಗಳು ಬಹುಪಾಲು ಯೂನಿವರ್ಸಲ್ ಸ್ಟುಡಿಯೋದ ಸೆಟ್.

ಆ ಕಾಲದಲ್ಲಿ ಊರನ್ನು ಇದ್ದ ಹಾಗೇ ಹಿಡಿದ ಎರಡು ಸಿನಿಮಾ ಇವೆ, ಎರಡೂ ನನಗೆ ತುಂಬಾ ಇಷ್ಟ. ಮೊದಲನೆಯದು ಹ್ಯಾಸ್ಕೆಲ್ ವೆಕ್ಸ್ಲರ್ ಅವರ ‘ಮೀಡಿಯಂ ಕೂಲ್’, 1969ರದ್ದು. 1968ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಶಿಕಾಗೋದಲ್ಲಿ ನಡೆದಾಗ ವಿಯೆಟ್ನಾಂ ಯುದ್ಧ ವಿರೋಧಿಗಳನ್ನು ಪೊಲೀಸರು ಬೀದಿಯಲ್ಲಿ ಹಿಡಿದು ಬಡಿದರಲ್ಲ, ವೆಕ್ಸ್ಲರ್ ಅದರ ನಡುವೆಯೇ ಶೂಟಿಂಗ್ ಮಾಡಿದರು. ನಟಿ ವರ್ನಾ ಬ್ಲೂಮ್ ಹಳದಿ ಉಡುಪಿನಲ್ಲಿ, ಕಾಣೆಯಾದ ಮಗನನ್ನು ಹುಡುಕುವ ತಾಯಿಯಾಗಿ, ನಿಜವಾದ ಗುಂಪಿನ ಒಳಗೆ ನಡೆದುಹೋಗುತ್ತಾರೆ. ಸುತ್ತ ಇರುವ ಸೈನಿಕರು ನಿಜ, ಪೊಲೀಸರು ನಿಜ, ಅಶ್ರುವಾಯು ನಿಜ. ಅಷ್ಟು ಜನರ ನಡುವೆ ಕಣ್ಣು ಆ ಹಳದಿ ಬಣ್ಣವನ್ನೇ ಹಿಂಬಾಲಿಸುತ್ತದೆ. ಇನ್ನೊಂದು 1975ರ ‘ಕೂಲಿ ಹೈ’. ಕ್ಯಾಬ್ರಿನಿ-ಗ್ರೀನ್ ಅನ್ನೋ ಸರ್ಕಾರಿ ವಸತಿ ಬಡಾವಣೆಯಲ್ಲಿ ಬೆಳೆದ ಎರಿಕ್ ಮಾಂಟಿ ಬರೆದದ್ದು, ಮೈಕೆಲ್ ಶುಲ್ಟ್ಜ್ ನಿರ್ದೇಶಿಸಿದ್ದು. ಕ್ಲಾಸಿಗೆ ಚಕ್ಕರ್ ಹೊಡೆದು ಊರು ಸುತ್ತುವ ಕಪ್ಪು ಹುಡುಗರ ಕಥೆ. ನಗು, ಪ್ರೀತಿ, ಪೋಲಿತನ ಎಲ್ಲ ಇದೆ, ಕೊನೆಗೆ ಸಂಕಟವೂ ಇದೆ.

ಬಾಗಿಲು ತೆರೆದದ್ದು 1979ರಲ್ಲಿ. ಆ ಜನವರಿಯ ಹಿಮಪಾತಕ್ಕೆ ಶಿಕಾಗೋ ತತ್ತರಿಸಿತ್ತು, ರಸ್ತೆಯ ಹಿಮ ತೆಗೆಯಲೂ ಆಗದ ಆಡಳಿತದ ಮೇಲೆ ಜನ ಸಿಟ್ಟಾಗಿದ್ದರು. ಡೇಲಿ ಬಳಗವನ್ನು ಎದುರು ಹಾಕಿಕೊಂಡು ಜೇನ್ ಬರ್ನ್ ಗೆದ್ದರು, ಶಿಕಾಗೋದ ಮೊದಲ ಮಹಿಳಾ ಮೇಯರ್. ‘ದಿ ಬ್ಲೂಸ್ ಬ್ರದರ್ಸ್’ ಚಿತ್ರಕ್ಕೆ ಅನುಮತಿ ಕೇಳಲು ನಟ ಜಾನ್ ಬೆಲೂಶಿ ಮೇಯರ್ ಕಚೇರಿಗೆ ಹೋದಾಗ ಬೆವರುತ್ತಿದ್ದರಂತೆ. ಅನಾಥಾಲಯಗಳಿಗೆ ದೇಣಿಗೆ ಕೊಡುತ್ತೇವೆ ಅಂದರು, ಆಮೇಲೆ ಮೆಲ್ಲಗೆ ಅಸಲಿ ವಿಷಯ ತೆಗೆದರು. ಡೇಲಿ ಪ್ಲಾಜಾ ಕಟ್ಟಡದ ಗಾಜು ಒಡೆದುಕೊಂಡು ಕಾರು ಒಳಗೆ ನುಗ್ಗಿಸಬೇಕು! ಡೇಲಿಯವರ ಹೆಸರಿಟ್ಟ ಕಟ್ಟಡ ಅದು. ಡೇಲಿ ಕಡೆಯವರು ಹೇಗೂ ನನ್ನ ವಿರುದ್ಧವೇ ಇದ್ದರು, ಕಳೆದುಕೊಳ್ಳುವುದಕ್ಕೆ ಏನಿತ್ತು, ಅದಕ್ಕೇ ಒಪ್ಪಿದೆ ಅಂತ ಬರ್ನ್ ಮುಂದೆ ಹೇಳಿಕೊಂಡಿದ್ದರು. ಸಿನಿಮಾದವರು 60 ಹಳೆ ಪೊಲೀಸ್ ಕಾರುಗಳನ್ನು ತಲಾ 400 ಡಾಲರಿಗೆ ಕೊಂಡು, ಎಲ್ ರೈಲಿನ ಹಳಿಗಳ ಕೆಳಗೆ ಓಡಿಸಿ ಓಡಿಸಿ ಜಜ್ಜಿದರು. ಪೊಲೀಸರನ್ನು ಕೆಟ್ಟದಾಗಿ ತೋರಿಸಿದರು ಅಂತ ಮುಚ್ಚಿದ ಬಾಗಿಲು, ಪೊಲೀಸ್ ಕಾರುಗಳ ರಾಶಿ ಹಾಕುವ ಸಿನಿಮಾದಿಂದಲೇ ತೆರೆಯಿತು.

ಅಲ್ಲಿಂದ ಸಾಲುಸಾಲು. ಜಾನ್ ಹ್ಯೂಸ್ ಉತ್ತರದ ಉಪನಗರಗಳ ಹುಡುಗ-ಹುಡುಗಿಯರ ಕಥೆ ತೆಗೆದರು. ಅವರ 1986ರ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ನಲ್ಲಿ ಮಕ್ಕಳು ಚಿತ್ರಗಳ ಮುಂದೆ ನಿಲ್ಲುವ ಆರ್ಟ್ ಇನ್‌ಸ್ಟಿಟ್ಯೂಟ್ ಇದೆಯಲ್ಲ, 1893ರಲ್ಲಿ ವಿವೇಕಾನಂದರು ಮಾತಾಡಿದ್ದು ಅದೇ ಕಟ್ಟಡದಲ್ಲಿ. ‘ದಿ ಫ್ಯುಜಿಟಿವ್’ಗೆ ನಿರ್ದೇಶಕ ಆಂಡ್ರೂ ಡೇವಿಸ್ ಹ್ಯಾರಿಸನ್ ಫೋರ್ಡ್ ಅವರನ್ನು ಸೇಂಟ್ ಪ್ಯಾಟ್ರಿಕ್ಸ್ ದಿನದ ನಿಜವಾದ ಮೆರವಣಿಗೆಯೊಳಗೆ ನುಗ್ಗಿಸಿ, ಸ್ಟ್ಯಾಂಡ್ ಇಲ್ಲದೆ ಕೈಯಲ್ಲೇ ಹಿಡಿದ ಕ್ಯಾಮೆರಾದಿಂದ ಚಿತ್ರೀಕರಿಸಿದರು. ಡೇವಿಸ್ ಅದೇ ಊರಿನವರು, ಅದು ಗೊತ್ತಾಗುತ್ತದೆ.

ಆಮೇಲೆ ಅಡ್ಡ ಬಂದದ್ದು ದುಡ್ಡು. ‘ಶಿಕಾಗೋ’ ಅನ್ನೋ ಹೆಸರಿನದೇ ಸಿನಿಮಾ, 2002ರದ್ದು, ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದದ್ದು, ಬಹುತೇಕ ಚಿತ್ರೀಕರಣವಾದದ್ದು ಕೆನಡಾದ ಟೊರಾಂಟೋದಲ್ಲಿ. ಅಲ್ಲಿ ಖರ್ಚು ಕಡಿಮೆ, ಸರ್ಕಾರದ ರಿಯಾಯಿತಿ ಬೇರೆ. ಇಲಿನಾಯ್ ರಾಜ್ಯಕ್ಕೂ ಎಚ್ಚರ ಆಯಿತು. ಸಿನಿಮಾದವರು ರಾಜ್ಯದಲ್ಲಿ ಮಾಡುವ ಖರ್ಚಿನ ಒಂದು ಪಾಲನ್ನು ತೆರಿಗೆ ವಿನಾಯಿತಿಯಾಗಿ ಕೊಡುವ ಯೋಜನೆ ತಂದರು, 2009ರಿಂದ ಅದನ್ನು ಶೇಕಡಾ 30ಕ್ಕೆ ಏರಿಸಿದರು. 2007ರಲ್ಲಿ ಕ್ರಿಸ್ಟೋಫರ್ ನೋಲನ್ ತಮ್ಮ ಬ್ಯಾಟ್‌ಮ್ಯಾನ್ ಸಿನಿಮಾ ‘ದಿ ಡಾರ್ಕ್ ನೈಟ್’ಗಾಗಿ ಲಾಸಾಲ್ ಬೀದಿಯಲ್ಲಿ, ಬ್ಯಾಂಕುಗಳ ನಡುವೆ, ನಿಜವಾದ ಟ್ರಕ್ಕನ್ನೇ ತಲೆಕೆಳಗಾಗಿ ಮಗುಚಿಸಿದರು. 2013ರ ‘ಧೂಮ್ 3’ರ ಆಮೀರ್ ಖಾನ್ ಕಳ್ಳತನವೂ ಶಿಕಾಗೋದಲ್ಲೇ. 2011ರಲ್ಲಿ ಹಳೆಯ ಉಕ್ಕಿನ ಕಾರ್ಖಾನೆಯೊಂದು ಸಿನೆಸ್ಪೇಸ್ ಸ್ಟುಡಿಯೋ ಆಯಿತು, ‘ಶಿಕಾಗೋ ಫೈರ್’ ಥರದ ಧಾರಾವಾಹಿಗಳು ಅಲ್ಲೇ ತಯಾರಾಗುತ್ತವೆ.

ನನಗೆ ಬೇಸರ ಇರುವುದು ಒಂದೇ ವಿಷಯಕ್ಕೆ. ಕ್ಯಾಮೆರಾ ವಾಪಸ್ ಬಂದರೂ ಊರಿನ ದಕ್ಷಿಣ, ಪಶ್ಚಿಮ ಭಾಗದ ಕಪ್ಪು ಜನರ ದಿನನಿತ್ಯದ ಬದುಕು ದೊಡ್ಡ ಸಿನಿಮಾಗಳಲ್ಲಿ ಹೆಚ್ಚು ಬರಲಿಲ್ಲ. ‘ಹೂಪ್ ಡ್ರೀಮ್ಸ್’ ಬಂತು, 1994ರ ಸಾಕ್ಷ್ಯಚಿತ್ರ, ಇಬ್ಬರು ಬಾಸ್ಕೆಟ್‌ಬಾಲ್ ಹುಡುಗರ ಹಿಂದೆ ವರ್ಷಗಟ್ಟಲೆ ಓಡಾಡಿ ತೆಗೆದದ್ದು, ಅದ್ಭುತ. ಆದರೆ ಕ್ಯಾಬ್ರಿನಿ-ಗ್ರೀನ್ ಅಂದರೆ ಹೆಚ್ಚಿನವರಿಗೆ ಈಗ ನೆನಪಾಗುವುದು 1992ರ ದೆವ್ವದ ಸಿನಿಮಾ ‘ಕ್ಯಾಂಡಿಮ್ಯಾನ್’. ಅಲ್ಲಿನ ಕೊನೆಯ ಎತ್ತರದ ಕಟ್ಟಡವನ್ನೂ 2011ರಲ್ಲಿ ಕೆಡವಿದರು. ಹಾಗಾಗಿ ಶಿಕಾಗೋದ ಸಿನಿಮಾ ಯಾವುದು ನೋಡಲಿ ಅಂತ ಯಾರಾದರೂ ಕೇಳಿದರೆ ಬ್ಯಾಟ್‌ಮ್ಯಾನಿಗಿಂತ ಮೊದಲು ‘ಕೂಲಿ ಹೈ’ ನೋಡಿ ಅಂತೀನಿ.