ಹೂಳಿನಲ್ಲಿ ಉಳಿಯುವ ರಂಜಕ: ಕೋಲಾರದ ಕೆರೆಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ನದಿಯ ಅಥವಾ ಕೆರೆಯ ನೀರಿನ ಮಾದರಿಯಲ್ಲಿ ರಂಜಕ (ಫಾಸ್ಫರಸ್) ಕಡಿಮೆ ಕಂಡಿತೆಂದು ಮಾಲಿನ್ಯವೂ ಕಡಿಮೆ ಎಂದು ತೀರ್ಮಾನಿಸುವಂತಿಲ್ಲ. ನೀರಿಗೆ ಸೇರಿದ ಸಾರಜನಕದ ಒಂದು ಪಾಲು ಬ್ಯಾಕ್ಟೀರಿಯಾಗಳ ಮೂಲಕ ಅನಿಲವಾಗಿ ಗಾಳಿಗೆ ಮರಳುತ್ತದೆ. ರಂಜಕಕ್ಕೆ ಆ ದಾರಿಯಿಲ್ಲದ ಕಾರಣ ಅದು ನೀರಿನೊಡನೆ ಮುಂದಕ್ಕೆ ಹರಿಯುತ್ತದೆ, ಇಲ್ಲವೇ ತಳದ ಹೂಳಿನಲ್ಲಿ ಉಳಿಯುತ್ತದೆ.

ಪ್ರಮಾಣ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 50 ಕೆ.ಜಿ. ಡಿಎಪಿ ರಸಗೊಬ್ಬರದ ಮೂಟೆಯಲ್ಲಿ ಶೇ. 46ರಷ್ಟು, ಅಂದರೆ 23 ಕೆ.ಜಿ. ಫಾಸ್ಫರಸ್ ಪೆಂಟಾಕ್ಸೈಡ್ ಇರುತ್ತದೆ. ಅದರಲ್ಲಿ ಶುದ್ಧ ರಂಜಕ ಸುಮಾರು 10 ಕೆ.ಜಿ. ಲೀಟರಿಗೆ 0.1 ಮಿಲಿಗ್ರಾಂ ರಂಜಕವಿದ್ದರೆ ನಿಂತ ನೀರಿನಲ್ಲಿ ಪಾಚಿ ಹುಲುಸಾಗಿ ಬೆಳೆಯಬಲ್ಲದು. ಈ ಲೆಕ್ಕದಲ್ಲಿ ಒಂದೇ ಮೂಟೆಯ ರಂಜಕ 10 ಕೋಟಿ ಲೀಟರ್ ನೀರನ್ನು ಆ ಮಟ್ಟಕ್ಕೆ ತರಲು ಸಾಕು. ಹೊಲಕ್ಕೆ ಹಾಕಿದ್ದೆಲ್ಲ ಕೆರೆ ಸೇರುವುದಿಲ್ಲ, ನಿಜ. ಆದರೆ ಬಿರುಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಬಹುಪಾಲು ರಂಜಕ ಪ್ರಯಾಣಿಸುತ್ತದೆ.

ಕೋಲಾರದ ಕೆಂಪುಮಣ್ಣಿಗೆ ಆ ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡುಗಳು ಫಾಸ್ಫೇಟನ್ನು, ಅಂದರೆ ಆಮ್ಲಜನಕದೊಡನೆ ಕೂಡಿದ ರಂಜಕವನ್ನು, ಬಿಗಿಯಾಗಿ ಹಿಡಿದಿಡುತ್ತವೆ. ಆದರೆ ಈ ಹಿಡಿತ ಆಮ್ಲಜನಕ ಇರುವವರೆಗೆ ಮಾತ್ರ. ಸತ್ತ ಪಾಚಿ ತಳದಲ್ಲಿ ಕೊಳೆತು ಆಮ್ಲಜನಕ ಮುಗಿದಾಗ, ಫೆರಿಕ್ ರೂಪದ ಕಬ್ಬಿಣ ಫೆರಸ್ ರೂಪಕ್ಕೆ ಇಳಿದು ಕರಗುತ್ತದೆ, ಅದರೊಡನೆ ಫಾಸ್ಫೇಟ್ ಕೂಡ ಬಿಡುಗಡೆಯಾಗಿ ಮೇಲಿನ ನೀರಿಗೆ ಸೇರುತ್ತದೆ. ಅದರಿಂದ ಮತ್ತೆ ಪಾಚಿ ಬೆಳೆಯುತ್ತದೆ. ಹೊರಗಿನಿಂದ ಬರುವ ಕೊಳಚೆಯನ್ನು ಪೂರ್ತಿ ತಡೆದ ಮೇಲೂ ಕೆಲವು ಕೆರೆಗಳು ವರ್ಷಗಟ್ಟಲೆ ಹಸಿರಾಗಿಯೇ ಇರುವುದು ಇದರಿಂದಲೇ. ಈ ಟಿಪ್ಪಣಿಯಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕಾದ ಭಾಗವೆಂದರೆ ಇದೇ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನ ತ್ಯಾಜ್ಯನೀರು ಎರಡನೇ ಹಂತದ ಶುದ್ಧೀಕರಣದ ಬಳಿಕ ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆಗಳಿಗೆ ನೀರು ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಎರಡನೇ ಹಂತದ ಮುಖ್ಯ ಕೆಲಸ ಸಾವಯವ ಕಲ್ಮಶವನ್ನು ತೆಗೆಯುವುದು. ರಂಜಕವನ್ನು ತಕ್ಕಮಟ್ಟಿಗೆ ತೆಗೆಯಲು ಆಲಂ ಅಥವಾ ಕಬ್ಬಿಣದ ಲವಣಗಳ ಬಳಕೆ, ಇಲ್ಲವೇ ಅದಕ್ಕೆಂದೇ ರೂಪಿಸಿದ ಜೈವಿಕ ಕ್ರಮ ಬೇಕು.

ಆದ್ದರಿಂದ ಇಲ್ಲಿನ ಅಧ್ಯಯನ ಸೋಸಿದ ನೀರಿನ ಫಾಸ್ಫೇಟಿಗೆ ನಿಲ್ಲಬಾರದು. ಕಣಗಳಿಗೆ ಅಂಟಿದ್ದೂ ಸೇರಿದ ಒಟ್ಟು ರಂಜಕವನ್ನೂ, ತಳದ ಬಳಿಯ ಆಮ್ಲಜನಕವನ್ನೂ ಅಳೆಯಬೇಕು. ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿದ್ದೆಷ್ಟು, ಸುಲಭವಾಗಿ ಬಿಡದ ಕ್ಯಾಲ್ಸಿಯಂಗೆ ಅಂಟಿದ್ದೆಷ್ಟು ಎಂದು ಬೇರೆಬೇರೆಯಾಗಿ ನೋಡಬೇಕು. ಬೇಸಿಗೆಯಲ್ಲಿ ಕೆರೆಗೋಡನ್ನು (ಕೆರೆಯ ಹೂಳನ್ನು) ಹೊಲಕ್ಕೆ ಹೊಡೆಯುವ ನಮ್ಮ ರೈತರ ಪದ್ಧತಿ ಈ ರಂಜಕವನ್ನು ಬೆಳೆಗೆ ಮರಳಿಸುವ ಒಳ್ಳೆಯ ಮಾರ್ಗ. ತ್ಯಾಜ್ಯನೀರು ತುಂಬಿದ ಕೆರೆಯಾದರೆ ಮಾತ್ರ, ಗೋಡನ್ನು ಸಾಗಿಸುವ ಮೊದಲು ಅದರಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಎಷ್ಟಿವೆ ಎಂದು ಪರೀಕ್ಷಿಸಲೇಬೇಕು.